ಗಂಗವ್ವನ ಕಾರು, ವಿಭೂತಿ ಮತ್ತು ಸಿಡಿಲು

ನಮ್ಮ ಕಂಪೌಂಡಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಚೀರಿದ್ದು ಮಾತ್ರ ಕಾರು.

ತಮಾಷೆ ಮಾಡುತ್ತಿಲ್ಲ. ಈ ಸಲದ ಖಂಡೇನವಮಿಯ ಸಂಜೆ ನಡೆದ ಸಂಗತಿ. (ಬೆಂಗಳೂರು ಕಡೆಯ ಓದುಗರಿಗೆ: ಆಯುಧಪೂಜೆ.) ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಗ್ಯಾಲರಿಯಲ್ಲಿ ಚಹಾ ಹಿಡಿದು ನಿಂತಿದ್ದೆ. ಹೋಗುವ ಮಳೆಗಾಲದ ಕೊನೆಯ ಆರ್ಭಟ. ಬೆಳಕು ಮತ್ತು ಸದ್ದು ಎರಡೂ ಒಟ್ಟಿಗೇ ಬಂದವು. ಕಪ್ ಕೈಯಲ್ಲಿ ಉಳಿಯಿತು, ಚಹಾ ಸೀರೆಯ ಮೇಲೆ ಹೋಯಿತು. ಕಣ್ಣು ಬಿಟ್ಟಾಗ ತೆಂಗಿನ ಮರದ ತಲೆಯಿಂದ ಹೊಗೆ ಏಳುತ್ತಿತ್ತು. ಅದರ ಪಕ್ಕದ ಶೆಡ್ಡಿನಡಿ ನಿಂತ ಬಿಳಿ ಕಾರು, ಚೆಂಡು ಹೂವಿನ ಮಾಲೆ ಹಾಕಿಕೊಂಡೇ, ಹಾರ್ನ್ ಬಾರಿಸುತ್ತಾ, ಇಂಡಿಕೇಟರುಗಳನ್ನೆಲ್ಲ ಮಿಟುಕಿಸುತ್ತಾ ಬೊಬ್ಬೆ ಹಾಕುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸುಮ್ಮನಾಯಿತು.

ಆ ಕಾರು ಗಂಗವ್ವನದು.

ಗಂಗವ್ವ ನಮ್ಮ ಕೆಳಗಿನ ಮನೆಯವಳು. ವಿಜಯಪುರದ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದವಳು. ಗಂಡ ಬಸವರಾಜ ಬಾಂದ್ರಾ ಕಡೆಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿದ್ದಾನೆ. ಕಳೆದ ವರ್ಷ ಕಾರು ಕೊಂಡರು. ಕಾರು ಬಂದ ವಾರವೇ ಗಂಗವ್ವ ಡ್ರೈವಿಂಗ್ ಸ್ಕೂಲಿಗೆ ಹೆಸರು ಹಚ್ಚಿದಳು. ಲೈಸನ್ಸೂ ಬಂತು. ಗಾಡಿ ಮಾತ್ರ ಕೈಗೆ ಬರಲಿಲ್ಲ, ರವಿವಾರ ಬಸವರಾಜನೇ ಹೊಡೆಯುತ್ತಿದ್ದ.

ಯಾಕೆ ಅಂತೀರಾ? ಲೈಸನ್ಸ್ ಬಂದಾಗ ಬೇಸಿಗೆ ರಜೆ, ರಸ್ತೆ ತುಂಬ ಟೂರಿಸ್ಟ್ ಬಸ್ಸು. ಆಮೇಲೆ ಮಳೆ, ರಸ್ತೆ ತುಂಬ ಗುಂಡಿ. ಆಮೇಲೆ ಗಣಪತಿ, ರಸ್ತೆ ತುಂಬ ಮಂಟಪ. ಆಮೇಲೆ ಪಿತೃಪಕ್ಷ, ಹೊಸ ಕೆಲಸ ಶುರು ಮಾಡಬಾರದು. ಬಸವರಾಜ ಕೆಟ್ಟ ಮನುಷ್ಯನಲ್ಲ, ಹೆಂಡತಿಯ ಮೇಲೆ ಜೋರು ಮಾಡುವವನೂ ಅಲ್ಲ. ಅವನು "ಬ್ಯಾಡ" ಅನ್ನುವುದೇ ಇಲ್ಲ. "ನೋಡೂಣು" ಅನ್ನುತ್ತಾನೆ. (ನಮ್ಮ ಉತ್ತರ ಕರ್ನಾಟಕದ ಗಂಡಸರ ಬಾಯಲ್ಲಿ "ನೋಡೂಣು" ಅಂದರೆ ಏನೆಂದು ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.)

ಕೊನೆಗೆ ಗಂಗವ್ವ ನನ್ನ ಮುಂದೆಯೇ ಅವನಿಂದ ಮಾತು ತಗೊಂಡಳು. ದಸರೆಯ ದಿನ ಸೀಮೋಲ್ಲಂಘನ. ಊರಲ್ಲಿ ಸೀಮೆ ದಾಟುತ್ತಾರೆ. ಮುಂಬಯಿಯಲ್ಲಿ ಸೀಮೆ ಎಲ್ಲಿದೆ? ಗಂಗವ್ವನ ಲೆಕ್ಕ ಸೀದಾ. "ಸಾಯನ್ ದಾಟಿದ್ರ ಸೀಮಿ ದಾಟಿಧಂಗ. ಈಚೆ ಶಹರ, ಆಚೆ ಸಬರ್ಬ್. ನಾ ಗಾಡಿ ಹೊಡಕೊಂಡು ಜೋಗೇಶ್ವರಿಗೆ ಹೋಗಿ ನಮ್ಮ ತಂಗಿಗೆ ಬನ್ನಿ ಕೊಟ್ಟ ಬರ್ತೇನಿ. ವೈನಿ ಬಾಜೂ ಕುಂಡ್ರತಾರ."

ವೈನಿ ಅಂದರೆ ನಾನು. ಡ್ರೈವಿಂಗ್ ಬರದ, ಆದರೆ ಉಪದೇಶ ಚೆನ್ನಾಗಿ ಬರುವ ಹೆಂಗಸು.

ಹೀಗೆ ನಾಳೆ ಹೊರಡಬೇಕು ಅನ್ನುವಾಗ ಇವತ್ತು ಸಿಡಿಲು.

ಮಳೆ ಸಣ್ಣಗಾದ ಮೇಲೆ ನಾವು ಕೆಳಗೆ ಓಡಿದೆವು. ವಾಚ್‌ಮನ್ ಶಿಂದೆ ಆಗಲೇ ಅಲ್ಲಿದ್ದ. "ಭಾಭೀ, ಗಾಡೀ ಕೋ ಕರೆಂಟ್ ಲಗ್ ಗಯಾ," ಗಾಡಿಗೆ ಕರೆಂಟ್ ಹೊಡೆದಿದೆ ಎಂದು ಪೋಸ್ಟ್‌ಮಾರ್ಟಂ ರಿಪೋರ್ಟ್ ಕೊಟ್ಟ. ಗಂಗವ್ವ ಒಳಗೆ ಕೂತು ಬಟನ್ ಒತ್ತಿದಳು. ಡ್ಯಾಶ್‌ಬೋರ್ಡಿನಲ್ಲಿ ಇದ್ದಬದ್ದ ದೀಪಗಳೆಲ್ಲ ಹೊತ್ತಿಕೊಂಡವು. ಕೆಂಪು, ಹಳದಿ, ಗಣಪತಿ ಮಂಟಪದ ಸೀರಿಯಲ್ ಸೆಟ್ ಥರ. ಮಧ್ಯದಲ್ಲಿ ಒಂದು ಕೀಲಿಕೈಯ ಚಿತ್ರ ಬಿಡದೆ ಮಿಟುಕುತ್ತಿತ್ತು. ಎಂಜಿನ್ ತುಟಿ ಬಿಚ್ಚಲಿಲ್ಲ. ಕೀಲಿ ಗಂಗವ್ವನ ಕೈಯಲ್ಲೇ ಇದೆ, ಕಾರು ಮಾತ್ರ ಅದನ್ನು ಗುರುತಿಸಲು ತಯಾರಿಲ್ಲ.

ಬಸವರಾಜ ಹಣೆ ಒರೆಸಿಕೊಂಡ. "ನೋಡ್ರಿ ವೈನಿ, ಇದು ಸೂಚನಾ. ಪೂಜಾ ಆದ ದಿನಾನ ಹಿಂಗಾತು. ದೇವರ ಬ್ಯಾಡ ಅನ್ನಾಕತ್ತಾನ."

"ದೇವರಿಗೆ ನನ್ನ ಬ್ಯಾಡ ಅನ್ನೂದಿದ್ರ ತೆಂಗಿನಮರಕ್ಕ ಯಾಕ ಹೊಡೀತಿದ್ದ?" ಎಂದಳು ಗಂಗವ್ವ. "ಅವಂಗ ಗುರಿ ಇಡಾಕ ಬರಂಗಿಲ್ಲೇನು?"

ಮಾತು ಗಟ್ಟಿಯಾಗಿತ್ತು. ಬೆರಳು ಮಾತ್ರ ಆ ಬಟನ್ನನ್ನು ಮತ್ತೆ ಮತ್ತೆ ಒತ್ತುತ್ತಲೇ ಇತ್ತು. ಯಾಕೆಂದರೆ ಅವಳಿಗೂ ಗೊತ್ತು, ನನಗೂ ಗೊತ್ತು: ಈ ದಸರೆ ತಪ್ಪಿದರೆ ಮುಂದೆ ದೀಪಾವಳಿ, ಅದರ ಮುಂದೆ ಇನ್ನೊಂದು, "ನೋಡೂಣು" ಅನ್ನುವ ಮಾತಿಗೆ ಕೊನೆಯಿಲ್ಲ. ಮೇಲಾಗಿ ಈಗ ಆಕಾಶದ ಸಾಕ್ಷಿ ಬೇರೆ ಸಿಕ್ಕಿದೆ. ಬಸವರಾಜ ಆಗಲೇ ಫೋನ್ ತೆಗೆದು ಜೋಗೇಶ್ವರಿಗೆ ಮೆಸೇಜ್ ಬರೆಯುತ್ತಿದ್ದ: ನಾಳೆ ಲೋಕಲ್‌ನಲ್ಲಿ ಬರುತ್ತೇವೆ.

ಅಷ್ಟರಲ್ಲಿ ಸೊಸೈಟಿಯ ವಾಟ್ಸಾಪ್ ಗುಂಪು ಎದ್ದು ಕೂತಿತ್ತು. ಒಬ್ಬರು ಬರೆದರು: ರಬ್ಬರ್ ಟೈರ್ ಇರುವಾಗ ಕಾರಿಗೆ ಸಿಡಿಲಿನಿಂದ ಏನೂ ಆಗುವುದಿಲ್ಲ, ಇದು ಕಂಪನಿಯ ಮೋಸ. ಇನ್ನೊಬ್ಬರು: ಇನ್ನು ಒಂದು ತಾಸು ಕಾರನ್ನು ಮುಟ್ಟಬೇಡಿ, ಒಳಗೆ ಕರೆಂಟ್ ತುಂಬಿದೆ. ಮತ್ತೊಬ್ಬರು, ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಇಟ್ಟು ಸರಿಮಾಡಿದ ತಮ್ಮ ಅನುಭವ ಹಂಚಿಕೊಂಡರು. (ಕಾರಿಗೆ ಎಷ್ಟು ಮೂಟೆ ಅಕ್ಕಿ ಬೇಕು ಎಂದು ಅವರು ತಿಳಿಸಲಿಲ್ಲ.)

ನಾನೂ ಬಿಡಲಿಲ್ಲ. ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಓದಿ ಅರ್ಧ ಪಂಡಿತಳಾದೆ. ತಿಳಿದದ್ದು ಇಷ್ಟು.

ಸಿಡಿಲು ಕಾರಿಗೇ ಬಡಿಯಬೇಕೆಂದಿಲ್ಲ. ಪಕ್ಕದಲ್ಲಿ ಬಡಿದರೂ ಸಾಕು. ಅಷ್ಟು ದೊಡ್ಡ ವಿದ್ಯುತ್ತು ಕಣ್ಣುಮುಚ್ಚಿ ತೆರೆಯುವುದರೊಳಗೆ ಬಂದು ಹೋಗುವಾಗ ಸುತ್ತಲಿನ ಪ್ರತಿ ತಂತಿಯಲ್ಲೂ ಒಂದು ಝಟಕಾ ಹುಟ್ಟುತ್ತದೆ. ಕೆಲವೊಮ್ಮೆ ನೆಲದಿಂದಲೂ ಹರಿದು ಬರುತ್ತದೆ. ಈಗಿನ ಕಾರಿನಲ್ಲಿ ಏನಿದೆ? ತಲೆಯಿಂದ ಕಾಲಿನವರೆಗೆ ತಂತಿಯೇ. ಬ್ರೇಕಿಗೆ ಒಂದು ಪುಟ್ಟ ಕಂಪ್ಯೂಟರ್, ಬಾಗಿಲಿಗೆ ಒಂದು, ಕೀಲಿ ಗುರುತಿಸಲು ಒಂದು. ಇವೆಲ್ಲ ಸಣ್ಣ ದನಿಯಲ್ಲಿ ತಮ್ಮತಮ್ಮೊಳಗೆ ಪಿಸುಗುಟ್ಟುತ್ತಾ ಕೆಲಸ ಮಾಡುತ್ತವೆ. ನಡುವೆ ಸಿಡಿಲು ಬಂದು ಕಿವಿಯಲ್ಲಿ ಕೂಗಿದರೆ? ಕೆಲವು ಸುಟ್ಟೇ ಹೋಗುತ್ತವೆ. ಕೆಲವು ಬರೀ ಗಾಬರಿಯಾಗಿ ಕೂರುತ್ತವೆ. ಗಾಬರಿಯಾದವನ್ನು ಎಬ್ಬಿಸಬಹುದು. ಸುಟ್ಟದ್ದು ಸುಟ್ಟದ್ದೇ.

ಇನ್ನು ಟೈರಿನ ಮಾತು ಶುದ್ಧ ಸುಳ್ಳು. ಕಾರಿನೊಳಗೆ ಗಾಜು ಏರಿಸಿ ಕೂತವರನ್ನು ಕಾಯುವುದು ಸುತ್ತಲಿನ ಲೋಹದ ಮೈ, ರಬ್ಬರ್ ಅಲ್ಲ. ಮನುಷ್ಯರನ್ನು ಕಾಯುವ ಆ ಮೈ ಕಂಪ್ಯೂಟರುಗಳನ್ನೂ ಕಾಯುತ್ತದೆ ಎನ್ನುವ ಗ್ಯಾರಂಟಿ ಇಲ್ಲ. ನಮ್ಮ ಮಾವನವರ ಹಳೇ ಸ್ಕೂಟರಿಗೆ ಈ ತಾಪತ್ರಯ ಇರಲಿಲ್ಲ. ಅದಕ್ಕೆ ಹೆದರಲು ಮಿದುಳೇ ಇರಲಿಲ್ಲ, ಕಿಕ್ ಹೊಡೆದರೆ ಹೊರಡುತ್ತಿತ್ತು. (ಎಲೆಕ್ಟ್ರಿಕ್ ಗಾಡಿಯವರು ಕೇಳಿ: ಗುಡುಗು ಶುರುವಾಗುವ ಮೊದಲೇ ಚಾರ್ಜರಿನ ಪ್ಲಗ್ ಕಿತ್ತುಬಿಡಿ. ನಮ್ಮ ತಾಯಂದಿರು ಟಿವಿಯ ಪ್ಲಗ್ ಕೀಳುತ್ತಿದ್ದರಲ್ಲ, ಹಾಗೆ.)

ಇಷ್ಟೆಲ್ಲ ಓದಿ ಹೇಳಿದ್ದಕ್ಕೆ ಗಂಗವ್ವ ಕೇಳಿದ್ದು ಒಂದೇ ಪ್ರಶ್ನೆ. "ಅದೆಲ್ಲಾ ಇರ್ಲಿ ವೈನಿ. ನನ್ನ ಗಾಡಿ ಸುಟ್ಟೈತೋ, ಗಾಬರಿ ಆಗೇತೋ?"

ಅದನ್ನು ಹೇಳಬಲ್ಲವನು ಒಬ್ಬನೇ. ಜೋಗೇಶ್ವರಿಯ ಈರಪ್ಪ. ಗಂಗವ್ವನ ತಂಗಿಯ ಗಂಡ, ಅಂದರೆ ಬಸವರಾಜನ ಷಡ್ಡಕ. ಬೆಳಗಾವಿ ಕಡೆಯವನು. ಜೋಗೇಶ್ವರಿಯ ಸಣ್ಣ ಸಣ್ಣ ಕಾರ್ಖಾನೆಗಳ ಸಾಲಿನಲ್ಲಿ ವಾಹನಗಳ ವೈರಿಂಗ್ ಕೆಲಸದ ಗಾಳೆ, ಅಂದರೆ ಸಣ್ಣ ವರ್ಕ್‌ಶಾಪ್, ಇಟ್ಟಿದ್ದಾನೆ. ಅವನ ಹತ್ತಿರ ಸ್ಕ್ಯಾನರ್ ಇದೆ. ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದರೆ ಕಾರಿಗೆ ಎಲ್ಲೆಲ್ಲಿ ನೋವು ಎಂದು ಅದು ತೋರಿಸುತ್ತದೆ.

ಫೋನ್ ಮಾಡಿದೆವು. ಸ್ಪೀಕರ್‌ನಲ್ಲಿ ಈರಪ್ಪನ ದನಿ ಬಂತು. "ಅಕ್ಕಾರ, ಬರಾಕ ನಂಗೇನ್ ತ್ರಾಸಿಲ್ರಿ. ಆದ್ರ ಸ್ಕ್ಯಾನರ್‌ಗೆ ಮಾಲಿ ಹಾಕಿ ಪೂಜಾಕ್ಕ ಕುಂದರಿಸೇನಿ. ಇವತ್ತ ಮುಟ್ಟಂಗಿಲ್ಲ. ನಾಳಿ ಬನ್ನಿ ಮುಡದ ಮ್ಯಾಲ ಎಬ್ಬಸ್ತೇನಿ."

ಮರೆತೇಹೋಗಿತ್ತು. ಖಂಡೇನವಮಿಯಂದು ಆಯುಧಗಳಿಗೆಲ್ಲ ರಜೆ. ಡಾಕ್ಟರನ ಸ್ಟೆತಸ್ಕೋಪಿಗೆ ಆ ದಿನ ರಜೆ ಕೊಟ್ಟರೆ ಏನು ಗತಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

"ಫೋಟೋ ಕಳಸ್ರಿ," ಅಂದ ಈರಪ್ಪ. ಡ್ಯಾಶ್‌ಬೋರ್ಡಿನದು ಕಳಿಸಿದೆವು. ಸ್ವಲ್ಪ ಹೊತ್ತಿಗೆ ಕಾರಿನ ಮುಖದ ಫೋಟೋ ಕೇಳಿದ. ಅದನ್ನೂ ಕಳಿಸಿದೆವು. ಆ ಕಡೆಯಿಂದ ನಗೆ ಕೇಳಿತು. ನಿಲ್ಲದ ನಗೆ.

"ಬಸವರಾಜಣ್ಣಾರ, ಗಾಡಿಗೆ ಪೂಜಾ ಮಾಡೀರೋ, ಕಣ್ಣ ಕಟ್ಟೀರೋ?"

ಹೋಗಿ ನೋಡಿದೆವು. ಮುಂದಿನ ಗಾಜಿನಲ್ಲಿ, ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಜಾಗದ ಮೇಲೇ ದಪ್ಪಗೆ ವಿಭೂತಿಯ ಪಟ್ಟೆ. ಬಂಪರಿನ ಪ್ರತಿ ಗುಂಡು ಸೆನ್ಸರಿಗೂ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು. ಮುಂದಿನ ಗಾಡಿಯ ದೂರ ಅಳೆಯುವ ರಡಾರ್ ಇರುವಲ್ಲಿ ಎರಡೆರಡು ಎಳೆ ಹೂವಿನ ಮಾಲೆ.

"ಅವು ಕಣ್ಣಿನಂಗ ಕಂಡ್ವು," ಎಂದ ಬಸವರಾಜ, ಸಣ್ಣ ದನಿಯಲ್ಲಿ. "ಅದಕ್ಕ ಅವಕ್ಕ ಚೊಲೋತ್ನ್ಯಾಗ ಹಚ್ಚಿದೆ."

ಭಕ್ತಿಯಿಂದಲೇ ಹಚ್ಚಿದ್ದ, ಪಾಪ. ಈರಪ್ಪ ಹೇಳಿದ: ಹಳದಿ ದೀಪಗಳಲ್ಲಿ ಸುಮಾರಷ್ಟು ಸಿಡಿಲಿನವಲ್ಲ, ಪೂಜೆಯವು. ಮೊದಲು ಒರೆಸಿ, ಉಳಿದದ್ದು ಯಾವುದು ನೋಡಿ.

ಗಂಗವ್ವ ಹಳೇ ಲುಂಗಿ ಒದ್ದೆ ಮಾಡಿ ತಂದಳು. ಬಸವರಾಜನೇ ಕೈಯಾರೆ ಒರೆಸಿದ, ಮನಸ್ಸಿನಲ್ಲೇ ಕ್ಷಮೆ ಕೇಳುತ್ತಿದ್ದನೋ ಏನೋ, ತುಟಿ ಅಲ್ಲಾಡುತ್ತಿತ್ತು. ಮಾಲೆ ತೆಗೆದು ಬಾನೆಟ್ಟಿನ ಮೇಲಿಟ್ಟ. ಬಟನ್ ಒತ್ತಿದಾಗ ಹಳದಿ ದೀಪಗಳು ಒಂದೊಂದಾಗಿ ಆರಿದವು. ನಾನು ಚಪ್ಪಾಳೆ ತಟ್ಟಿದೆ. ಕೀಲಿಯ ಚಿತ್ರ ಮಾತ್ರ ಮಿಟುಕುತ್ತಲೇ ಇತ್ತು.

"ಅದು ಬರೋಬ್ಬರಿ ಸಿಡಿಲಿಂದು," ಎಂದ ಈರಪ್ಪ. ಈಗ ನಗುತ್ತಿರಲಿಲ್ಲ. "ಬ್ಯಾಟರಿ ಮೈನಸ್ ವಾಯರ್ ತಗದು ಅರ್ಧಾ ತಾಸು ಬಿಡ್ರಿ, ಅಕ್ಕಾರ. ಗಾಡಿ ಒಂದ ನಿದ್ದಿ ಮಾಡಿ ಏಳ್ಲಿ. ಗಾಬರಿ ಆಗಿದ್ರ ಎದ್ದೀತು. ಸುಟ್ಟಿದ್ರ ಏಳಂಗಿಲ್ಲ. ನೋಡದ ಅದಕ್ಕಿಂತ ಹೆಚ್ಚಿಗಿ ಹೇಳಾಕ ನಂಗ ಬರಂಗಿಲ್ಲ. ಗುಡುಗು ಪೂರಾ ನಿಲ್ಲೂತನಾ ಬಾನೆಟ್‌ಗೆ ಕೈ ಹಚ್ಚಬ್ಯಾಡ್ರಿ ಮತ್ತ. ಹತ್ತ ನಂಬರ್ ಪಾನಾ ಬೇಕಾಗ್ತದ."

ಪಾನಾ, ಅಂದರೆ ಸ್ಪ್ಯಾನರ್. ಎಷ್ಟು ಸಣ್ಣ ವಸ್ತು! ಗುಡುಗು ದೂರ ಸರಿಯುವವರೆಗೆ ಕಾದು ನಾನು ಬೇಟೆಗೆ ಹೊರಟೆ. ಎದುರು ಮನೆಯ ತಮಿಳರ ಟೂಲ್ ಬಾಕ್ಸ್ ಪೂಜೆಯಲ್ಲಿ. ಮೇಲಿನ ಮನೆಯ ಉಡುಪಿಯವರ ಡ್ರಿಲ್ ಮಶೀನು, ಕತ್ತರಿ, ಸುತ್ತಿಗೆ ಪೂಜೆಯಲ್ಲಿ. ಮೂಲೆಯ ಗ್ಯಾರೇಜಿನ ಶಟರಿಗೇ ಬಾಳೆಕಂದು ಕಟ್ಟಿತ್ತು. ಶಿಂದೆಯನ್ನು ಕೇಳಿದೆ. "ಮೇರಾ ಪಾನಾ ಭೀ ಪೂಜಾ ಮೇ," ಎಂದ, ಹೆಮ್ಮೆಯಿಂದ. ದಕ್ಷಿಣದವರು ಇಷ್ಟು ದಟ್ಟವಾಗಿ ಇರುವ ಕಾಲೊನಿಯಲ್ಲಿ ಆ ದಿನ ಕಾರು ಕೆಡಬಾರದು, ಅಷ್ಟೇ.

ಉಳಿದದ್ದು ಬಸವರಾಜನ ಮನೆಯ ಪಾನಾ. ಅದೂ ಪೂಜೆಯಲ್ಲೇ ಇತ್ತು.

ಮಣೆಯ ಮೇಲೆ ಬಿಳಿ ವಸ್ತ್ರ. ಅದರ ಮೇಲೆ ಸಾಲಾಗಿ ಪಾನಾಗಳು, ಸ್ಕ್ರೂ ಡ್ರೈವರ್, ಕಾರಿನ ಜ್ಯಾಕ್, ಮನೆಯ ಲ್ಯಾಪ್‌ಟಾಪ್. ಎಲ್ಲಕ್ಕೂ ಕುಂಕುಮ, ಎಲ್ಲಕ್ಕೂ ಹೂವು. ಬಸವರಾಜ ಬಾಗಿಲಲ್ಲೇ ನಿಂತ. "ಕುಂದರಿಸಿದ್ದನ್ನ ಎಬ್ಬಸಬಾರದು. ನಮ್ಮಪ್ಪ ಎಂದೂ ಎಬ್ಬಸಿಲ್ಲ. ದೋಷ ಬರ್ತದ. ನಾಳಿ ಲೋಕಲ್‌ಗೆ ಹೋಗೂಣು, ಗಾಡಿದ್ದು ಆಮ್ಯಾಲೆ ನೋಡೂಣು."

ಗಂಗವ್ವ ಮಣೆಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಆ ಸಾಲಿನ ಕೊನೆಗೆ ಒಂದು ಜಾಗ ಖಾಲಿ ಇತ್ತು. ವಸ್ತ್ರದ ಮೇಲೆ ಅರಿಶಿನದ ಕಲೆ, ಒಂದೆರಡು ಹೂವಿನ ಎಸಳು. ಅಲ್ಲಿ ಏನೋ ಇತ್ತು, ಈಗ ಇಲ್ಲ.

"ಇಲ್ಲೆ ಈಳಗಿ ಇತ್ತು," ಎಂದಳು ಗಂಗವ್ವ. ದನಿ ಏರಿಸಲಿಲ್ಲ. "ಮುಂಜಾನೆ ಅದಕ್ಕೂ ಕುಂಕುಮಾ ಹಚ್ಚಿ ಕುಂದರಿಸಿದ್ದೆ. ಮಂಗಳಾರತಿ ಆರೋದ್ರಾಗ ನೀವ ಕೇಳಿದ್ರಿ, ಊಟಕ್ಕ ಎಣಗಾಯಿ ಮಾಡ್ತಿಯೇನು ಅಂತ. ನಾ ಎಬ್ಬಸಿದೆ. ಬದನಿಕಾಯಿ ಹೆಚ್ಚಿದೆ. ನೀವು ಉಂಡ್ರಿ. ದೋಷ ಅಂತ ಯಾರೂ ಅನ್ಲಿಲ್ಲ. ಈಳಗಿ ಎಬ್ಬಸಿದ್ರ ದೋಷಿಲ್ಲ, ಪಾನಾ ಎಬ್ಬಸಿದ್ರ ದೋಷ. ಅದ್ಹೆಂಗ್ರಿ?"

ಎಣಗಾಯಿ ನನಗೂ ಒಂದು ಡಬ್ಬಿ ಬಂದಿತ್ತು. ಚಪ್ಪರಿಸಿ ತಿಂದಿದ್ದೆ. ಈಳಿಗೆಯ ನೆನಪು ನನಗೂ ಬಂದಿರಲಿಲ್ಲ. ಹೆಂಗಸಾಗಿ, ಅಂಕಣ ಬರೆಯುವವಳಾಗಿ, ಇಷ್ಟು ವರ್ಷ ಖಂಡೇನವಮಿ ಮಾಡಿದವಳಾಗಿ! ನನ್ನ ಮೇಲೆ ನನಗೇ ಸಿಟ್ಟು ಬಂತು.

ಗಂಗವ್ವ ಪಾನಾಕ್ಕೆ ಕೈ ಚಾಚಿದಳು.

"ತಡೀ," ಎಂದ ಅವನು. ಒಳಗೆ ಬಂದು ಮಣೆಯ ಮುಂದೆ ಕೂತ. ಕೈಮುಗಿದ. ಹತ್ತು ನಂಬರಿನ ಪಾನಾ ಹುಡುಕಿ ತೆಗೆದು, ಕುಂಕುಮವನ್ನು ತನ್ನ ಶರ್ಟಿಗೇ ಒರೆಸಿ, ಹೆಂಡತಿಯ ಕೈಗೆ ಕೊಟ್ಟ. "ದೋಷಾ ಗೀಷಾ ಅಲ್ಲ ಗಂಗಾ. ನಂಗ ಅಂಜಿಕಿ. ನೀ ಹೊಂಟ್ರ ನಾ ಮನ್ಯಾಗ ಫೋನ್ ನೋಡ್ಕೋತ ಕುಂಡ್ರಬೇಕು. ಹಾಯ್‌ವೇ ಮ್ಯಾಲ ಆ ಡಂಪರ್, ಆ ಟ್ಯಾಂಕರ್... ನಂಗ ಆಗಂಗಿಲ್ಲ."

ಒಂದು ವರ್ಷದ "ನೋಡೂಣು" ಒಡೆದು ಒಳಗಿನ ಮಾತು ಕೊನೆಗೂ ಹೊರಗೆ ಬಂತು. ಗಂಗವ್ವನ ಕಣ್ಣು ತುಂಬಿತು. "ನೀವು ದಿನಾ ಲೋಕಲ್‌ದಾಗ ಜೋತಾಡಿ ಹೋಗ್ತೀರಿ. ನಾ ಅಂಜಂಗಿಲ್ಲೇನು?" ಎಂದಳು. "ಬಾಜೂ ವೈನಿ ಇರ್ತಾರ. ನೀವು ಹಿಂದ ಕುಂದರ್ರಿ. ಅಂಜಿಕಿ ಆದ್ರ ಕಣ್ಣ ಮುಚ್ಚರಿ, ಬಾಯಿ ಮಾತ್ರ ಬಿಡಬ್ಯಾಡ್ರಿ."

ಕೆಳಗೆ ಹೋದೆವು. ಬ್ಯಾಟರಿಯ ಬೋಲ್ಟನ್ನು ಗಂಗವ್ವನೇ ಬಿಚ್ಚಿದಳು, ಬಸವರಾಜ ಟಾರ್ಚ್ ಹಿಡಿದ. ಆಮೇಲಿನ ಅರ್ಧ ತಾಸಿನಲ್ಲಿ ಮೂವರೂ ಕಂಪೌಂಡಿನ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದೆವು, ಆಪರೇಷನ್ ಥಿಯೇಟರಿನ ಹೊರಗಿನ ನೆಂಟರ ಹಾಗೆ. ಸುಟ್ಟ ತೆಂಗಿನ ಗರಿಯ ವಾಸನೆ ಇನ್ನೂ ಇತ್ತು.

ತಂತಿ ಮತ್ತೆ ಜೋಡಿಸಿ ಗಂಗವ್ವ ಒಳಗೆ ಕೂತಳು. ಬಟನ್ ಒತ್ತಿದಳು. ದೀಪಗಳು ಬಂದವು, ಹೋದವು. ಕೀಲಿಯ ಚಿತ್ರ ಮಿಟುಕಿತು. ಇನ್ನೊಮ್ಮೆ ಮಿಟುಕಿತು. ಆಮೇಲೆ ಆರಿತು.

ಎಂಜಿನ್ ಗುರ್ರೆಂದಿತು.

ನಾನು ಕೂಗಿದ್ದಕ್ಕೆ ಬಿ ವಿಂಗಿನ ಕಿಟಕಿಗಳು ತೆರೆದವು. ಸುಳ್ಳಲ್ಲ.

ಎಲ್ಲವೂ ಸರಿಹೋಯಿತು ಎಂದರೆ ತಪ್ಪಾದೀತು. ಮಧ್ಯದ ದೊಡ್ಡ ಸ್ಕ್ರೀನ್ ಕಪ್ಪಗೇ ಉಳಿಯಿತು. ಹಾಡಿಲ್ಲ, ಮ್ಯಾಪಿಲ್ಲ, ಹಿಂದಕ್ಕೆ ತೆಗೆಯುವಾಗ ತೋರಿಸುವ ಕ್ಯಾಮೆರಾ ಇಲ್ಲ. "ರಿವರ್ಸ್ ಹೆಂಗ ತಗೀತಿ?" ಎಂದ ಬಸವರಾಜ. ಗಂಗವ್ವ ಕುತ್ತಿಗೆ ಹೊರಳಿಸಿ ಹಿಂದಕ್ಕೆ ನೋಡಿ, ಕಾರನ್ನು ಎರಡು ಕಂಬಗಳ ನಡುವೆ ಸರಿಯಾಗಿ ತಂದು ನಿಲ್ಲಿಸಿದಳು. ಡ್ರೈವಿಂಗ್ ಸ್ಕೂಲಿನ ಹಳೇ ಡಬ್ಬಾ ಕಾರಿನಲ್ಲಿ ಸ್ಕ್ರೀನ್ ಎಲ್ಲಿತ್ತು?

ಮರುದಿನ ಬೆಳಿಗ್ಗೆ ಗೇಟಿನೊಳಗೇ ಬ್ರೇಕು, ಸ್ಟಿಯರಿಂಗು ಪರೀಕ್ಷೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಒಡೆದು ಹೊರಟೆವು. ಗಂಗವ್ವ ಸ್ಟಿಯರಿಂಗಿಗೆ, ನಾನು ಪಕ್ಕಕ್ಕೆ, ಬಸವರಾಜ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಬನ್ನಿ ಎಲೆಯ ಚೀಲ ಇಟ್ಟುಕೊಂಡು. ಸಾಯನ್ ದಾಟಿದೆವು. ಧಾರಾವಿ ದಾಟಿ ಬಾಂದ್ರಾ ಕಡೆಗೆ ಹೊರಳಿದಾಗ ಆಟೋರಿಕ್ಷಾಗಳು ಕಂಡವು. ಶಹರದೊಳಗೆ ಆಟೋ ಬಿಡುವುದಿಲ್ಲವಲ್ಲ, ಆಟೋ ಕಂಡಿತೆಂದರೆ ಸೀಮೆ ದಾಟಿದೆವೆಂದೇ ಲೆಕ್ಕ. ಗಂಗವ್ವ ಸಣ್ಣಗೆ ಒಂದು ಹಾರ್ನ್ ಹೊಡೆದಳು. ಯಾರಿಗೂ ಅಲ್ಲ, ಸುಮ್ಮನೆ ಖುಷಿಗೆ. ಒಂದು ಡಂಪರ್ ಪಕ್ಕದಲ್ಲೇ ಹೋಯಿತು. ಹಿಂದಿನ ಸೀಟಿನಿಂದ ಯಾವ ಸದ್ದೂ ಬರಲಿಲ್ಲ. ತಿರುಗಿ ನೋಡಿದೆ. ಬಸವರಾಜ ಕಣ್ಣು ಮುಚ್ಚಿರಲಿಲ್ಲ. ಹೆಂಡತಿಯ ಕೈಗಳನ್ನೇ ನೋಡುತ್ತಿದ್ದ.

ಜೋಗೇಶ್ವರಿಯಲ್ಲಿ ಈರಪ್ಪ ಬನ್ನಿ ಕೊಟ್ಟು, ತಗೊಂಡು, ಕೈಮುಗಿದು, ಕುಂಕುಮ ಇನ್ನೂ ಮೆತ್ತಿಕೊಂಡಿದ್ದ ಸ್ಕ್ಯಾನರನ್ನು ಎಬ್ಬಿಸಿದ. "ಒಂದ ಗಳಿಗ್ಯಾಗ ಎಲ್ಲಾರೂ ಬಾಯಿ ಮಾಡ್ಯಾರ ನೋಡ್ರಿ," ಎಂದು ಕಾರಿನ ಕಂಪ್ಯೂಟರುಗಳು ಬರೆದಿಟ್ಟ ದೋಷಗಳ ಸಾಲನ್ನು ತೋರಿಸಿದ. ಎಲ್ಲ ಅಳಿಸಿದ. ಮತ್ತೆ ಓದಿದ. ಸುಟ್ಟದ್ದು ಆ ಸ್ಕ್ರೀನಿನದು ಒಂದೇ. ಉಳಿದದ್ದೆಲ್ಲ ಬರೀ ಗಾಬರಿ.

ಬರುವಾಗ ಹಸಿವಾಗಿತ್ತು. ಗಂಗವ್ವ ಯಾರನ್ನೂ ಕೇಳದೆ ಗಾಡಿಯನ್ನು ಮಾಟುಂಗದ ಕಡೆಗೆ ತಿರುಗಿಸಿ, ಒಂದು ಉಡುಪಿ ಹೋಟೆಲಿನ ಹತ್ತಿರ ಕುತ್ತಿಗೆ ಹೊರಳಿಸಿ ಪಾರ್ಕ್ ಮಾಡಿದಳು. ಊಟದ ನಡುವೆ ಹೇಳಿದಳು: "ಮುಂದಿನ ವರ್ಷ ಖಂಡೇನವಮಿಗೆ ಈಳಗಿನೂ ಇಡೀ ದಿನಾ ಕುಂಡ್ರತದ. ಎಬ್ಬಸಂಗಿಲ್ಲ."

"ಮತ್ತ ಊಟಾ?" ಎಂದ ಬಸವರಾಜ. ಕೇಳಿದ ಮೇಲೆ ತಾನೇ ನಕ್ಕ.

"ಗಾಡಿ ಐತೆಲ್ರಿ. ನಾನ ಹೊಡಕೊಂಡ ಇಲ್ಲಿಗೆ ಕರಕೊಂಡ ಬರ್ತೇನಿ."

"ಗಾಡಿನೂ ಪೂಜಾಕ್ಕ ಕುಂತಿರ್ತದಲಾ?"

ಗಂಗವ್ವ ಕ್ಷಣ ಯೋಚಿಸಿದಳು. "ಹಂಗಾರ ಅವತ್ತಿನ ಅಡಗಿ ನಿಮ್ದು. ಈಳಗಿ ಇಲ್ದ ಮಾಡೋದು ಹೆಂಗ ಅಂತ ನೋಡಿ ಹೇಳ್ರಿ."

ಅಂದಹಾಗೆ, ನಿಮ್ಮ ಮನೆಯ ಈಳಿಗೆ ಈ ಸಲ ಪೂಜೆಯಲ್ಲಿ ಎಷ್ಟು ಹೊತ್ತು ಕೂತಿತ್ತು?